ಚಿಪ್ಪಿನ ಮೇಲೆ ತಾಯಿಯ ರುಜು: ರೇಷ್ಮೆ ಮೊಟ್ಟೆ ಕಟ್ಟುವ ಫಾಲಿಕಲ್ ಜೀವಕೋಶಗಳು

ಮೊಟ್ಟೆಯೊಡೆದು ಮರಿಹುಳು ಹೊರಬಂದ ಮೇಲೆ ಆ ಮೊಟ್ಟೆ ಹಾಳೆಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಸೊಪ್ಪು ಕತ್ತರಿಸಿ ಹಾಕುವ ಗಡಿಬಿಡಿ, ಹುಳು ಮನೆಯ ಕಾವು ತೇವ ನೋಡುವ ಗಡಿಬಿಡಿ. ಹಾಳೆ ಹೋಗಿ ಒಲೆ ಸೇರುತ್ತದೆ. ಸುಡುವ ಮುಂಚೆ ಒಂದು ಖಾಲಿ ಚಿಪ್ಪನ್ನು ಸೂಜಿಯಿಂದ ಬಿಡಿಸಿ, ಒಂದು ಹನಿ ನೀರಿನಲ್ಲಿ ಗಾಜಿನ ಪಟ್ಟಿಯ ಮೇಲಿಟ್ಟು, ಕಾಲೇಜು ಮಕ್ಕಳು ಬಳಸುವ ಸಾಧಾರಣ ಮೈಕ್ರೋಸ್ಕೋಪಿನಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಿ. ಬರಿಗಣ್ಣಿಗೆ ನುಣ್ಣಗಿದ್ದ ಚಿಪ್ಪಿನ ಮೇಲೆಲ್ಲ ಐದು ಮೂಲೆ, ಆರು ಮೂಲೆಯ ಸಣ್ಣ ಸಣ್ಣ ಪಾತಿಗಳು ಕಾಣುತ್ತವೆ. ವಿಶ್ವೇಶ್ವರಯ್ಯ ನಾಲೆಯ ಬಯಲನ್ನು ಎತ್ತರದಿಂದ ನೋಡಿದರೆ ಗದ್ದೆಗಳ ನಡುವೆ ಬದು ಕಾಣುವುದಿಲ್ಲವೆ, ಹಾಗೆ.

ಒಂದೊಂದು ಪಾತಿಯೂ ಒಂದೊಂದು ಜೀವಕೋಶ ಕೂತು ಎದ್ದುಹೋದ ಜಾಗ. ಆ ಜೀವಕೋಶಗಳು ಮರಿಹುಳುವಿನವಲ್ಲ, ಮೊಟ್ಟೆಯವೂ ಅಲ್ಲ. ಅವು ತಾಯಿ ಚಿಟ್ಟೆಯ ಮೈಗೆ ಸೇರಿದವು. ಅವನ್ನೇ ಫಾಲಿಕಲ್ ಜೀವಕೋಶಗಳು ಎನ್ನುತ್ತಾರೆ. ಬೆಳೆಯುತ್ತಿರುವ ಅಂಡಾಣುವಿನ ಸುತ್ತ ಒಂದೇ ಪದರವಾಗಿ ಕೂತು, ಅದಕ್ಕೆ ಊಟ ಬಿಡುವುದು, ಬೇಡದ್ದನ್ನು ತಡೆಯುವುದು, ತಮ್ಮ ಕೈಯಿಂದಲೂ ಒಂದಿಷ್ಟು ಕೊಡುವುದು, ಕೊನೆಗೆ ಗಟ್ಟಿ ಚಿಪ್ಪು ಹೊದಿಸುವುದು ಇವುಗಳ ಕೆಲಸ. ಮೊಟ್ಟೆ ಹೊರಬೀಳುವಾಗ ಇವು ಜೊತೆಗೆ ಬರುವುದಿಲ್ಲ, ಅಚ್ಚು ಮಾತ್ರ ಬರುತ್ತದೆ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಗ್ರೇನೇಜಿನಲ್ಲಿ (ರೇಷ್ಮೆ ಬಿತ್ತನೆ ಮೊಟ್ಟೆ ತಯಾರಿಸುವ ಕೇಂದ್ರ) ಏಕೆ ಹಾಗೆ ಮಾಡುತ್ತಾರೆ, ಏಕೆ ಹೀಗೆ ಮಾಡುವುದಿಲ್ಲ ಎಂಬ ಹಲವು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ. ಮೈಸೂರು ತಳಿಯ ಹೆಣ್ಣಿಗೇ ಸಿಎಸ್‌ಆರ್-2 ಎಂಬ ಬೈವೋಲ್ಟೈನ್ (ವರ್ಷಕ್ಕೆ ಎರಡು ತಲೆಮಾರಿನ) ತಳಿಯ ಗಂಡನ್ನು ಕೂಡಿಸುವುದೇಕೆ, ಅದರ ಉಲ್ಟಾ ಏಕಿಲ್ಲ ಎಂಬುದೂ ಅದರಲ್ಲಿ ಒಂದು.

ಎಂಟು ಎಳೆ, ಸಾಲು ಸಾಲು ಮಣಿ

ಹೆಣ್ಣು ಪ್ಯೂಪಾ ಗುರುತಿಸುವುದು ಕಷ್ಟವಲ್ಲ. ಹೊಟ್ಟೆಯ ಅಡಿಭಾಗದಲ್ಲಿ ಎಂಟನೇ ಉಂಗುರದ ಮೇಲೆ ಗುಣಿಸು ಚಿಹ್ನೆಯಂಥ ಗೀಟಿದ್ದರೆ ಹೆಣ್ಣು, ಒಂಬತ್ತನೆಯದರಲ್ಲಿ ಚುಕ್ಕೆಯಿದ್ದರೆ ಗಂಡು. ಗೂಡು ಕಟ್ಟಿ ಪ್ಯೂಪಾ ಆದ ಏಳೆಂಟು ದಿನಕ್ಕೆ ಒಂದು ಹೆಣ್ಣನ್ನು ಮೇಣದ ತಟ್ಟೆಯಲ್ಲಿ ಶೇಕಡ 0.75ರ ಉಪ್ಪು ನೀರಿನಲ್ಲಿ ಮುಳುಗಿಸಿಟ್ಟು, ಬೆನ್ನಿನ ಉದ್ದಕ್ಕೆ ಸಣ್ಣ ಕತ್ತರಿ ಆಡಿಸಬೇಕು. ಬರೀ ನೀರು ಬೇಡ, ಜೀವಕೋಶಗಳು ಉಬ್ಬಿ ಒಡೆಯುತ್ತವೆ. ಮೊದಲು ಮೊಸರಿನ ತುಣುಕುಗಳಂತೆ ತೇಲುವುದು ಕೊಬ್ಬಿನ ಅಂಗ. ಅದನ್ನು ಡ್ರಾಪರ್‌ನಿಂದ ನೀರು ಚಿಮ್ಮಿಸಿ ಸರಿಸಿದರೆ ಸುರುಳಿ ಸುತ್ತಿದ ಮಣಿಸರಗಳು ಕಾಣುತ್ತವೆ. ಎರಡು ಅಂಡಾಶಯ, ಒಂದೊಂದರಲ್ಲಿ ನಾಲ್ಕು ಎಳೆ, ಒಟ್ಟು ಎಂಟು. ಈ ಎಳೆಗೆ ಓವರಿಯೋಲ್ ಎಂದು ಹೆಸರು. ಒಂದು ಎಳೆಯಲ್ಲಿ ಐವತ್ತರಿಂದ ಎಪ್ಪತ್ತು ಮೊಟ್ಟೆ ಪಕ್ವವಾದರೆ ಎಂಟು ಎಳೆಗೆ 400ರಿಂದ 560. ಒಂದು ಚಿಟ್ಟೆ ಇಡುವ ಮೊಟ್ಟೆಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ಎಳೆಯ ಮೇಲ್ತುದಿಯಲ್ಲಿ ಎಳಸು, ಕೆಳತುದಿಯಲ್ಲಿ ಮಾಗಿದ್ದು. ಪಕ್ಕಪಕ್ಕದ ಎರಡು ಮಣಿಗಳ ನಡುವೆ ಸುಮಾರು ಎರಡು ಎರಡೂವರೆ ಗಂಟೆ ವಯಸ್ಸಿನ ಅಂತರ. ಹಾಗಾಗಿ ಒಂದು ಎಳೆಯನ್ನು ನೀಟಾಗಿ ಚಾಚಿ ಮಲಗಿಸಿದರೆ ಐದಾರು ದಿನಗಳ ಬೆಳವಣಿಗೆ ಒಂದೇ ಸಾಲಿನಲ್ಲಿ ಕಣ್ಣ ಮುಂದಿರುತ್ತದೆ. ಪ್ರಯೋಗಶಾಲೆಯವರಿಗೆ ರೇಷ್ಮೆ ಹುಳು ಅಚ್ಚುಮೆಚ್ಚಾಗಲು ಇದೂ ಒಂದು ಕಾರಣ. ಸೂಜಿಯ ಮೊಂಡು ತುದಿಯಿಂದ ಮೇಲಿನ ಮಣಿಯೊಂದನ್ನು ಒತ್ತಿದರೆ ಪಚಕ್ಕನೆ ಒಡೆದು ಹಳದಿ ಹರಿಯುತ್ತದೆ. ಕೆಳಗಿನದನ್ನು ಒತ್ತಿದರೆ ಜಾರಿಹೋಗುತ್ತದೆ, ಒಡೆಯುವುದಿಲ್ಲ. ಎರಡರ ನಡುವೆ ಎಲ್ಲೋ ಚಿಪ್ಪು ಕೂತಿದೆ ಎಂದು ಅರ್ಥ.

ಒಂದು ಮಣಿಯೊಳಗೆ ಏನಿದೆ? ಮೂಲದ ಒಂದು ಜೀವಕೋಶ ಮೂರು ಸಲ ಒಡೆದು ಎಂಟಾಗುತ್ತದೆ. ಪೂರ್ತಿ ಬೇರಾಗುವುದಿಲ್ಲ, ನಡುವೆ ಸಣ್ಣ ಕಿಂಡಿ ಉಳಿದಿರುತ್ತದೆ. ಎಂಟರಲ್ಲಿ ಒಂದು ಅಂಡಾಣು, ಉಳಿದ ಏಳು ದಾದಿಯರು. ದಾದಿ ಜೀವಕೋಶಗಳು ಆರ್‌ಎನ್‌ಎ, ರೈಬೋಸೋಮ್ ಮೊದಲಾದ ಸರಂಜಾಮು ತಯಾರಿಸಿ ಕಿಂಡಿಯ ಮೂಲಕ ಅಂಡಾಣುವಿಗೆ ಸುರಿಯುತ್ತವೆ. ಈ ಎಂಟೂ ಒಂದೇ ಒಡಲಿನವು. ಇವುಗಳ ಸುತ್ತ ಬೇರೆ ವಂಶದ ಫಾಲಿಕಲ್ ಜೀವಕೋಶಗಳ ಹೊದಿಕೆ. ದಾದಿಯರನ್ನೂ ಫಾಲಿಕಲ್ ಜೀವಕೋಶಗಳನ್ನೂ ಒಂದೇ ಎಂದು ಬರೆಯುವ ತಪ್ಪು ಪಠ್ಯಪುಸ್ತಕದ ನೋಟ್ಸುಗಳಲ್ಲಿ ಬಹಳ. ದಾದಿಯರು ಒಳಗಿನವರು, ಅಂಡಾಣುವಿನ ಅಕ್ಕತಂಗಿಯರು. ಫಾಲಿಕಲ್ ಹೊರಗಿನ ಗೋಡೆ.

ಎಲ್ಲ ಕೀಟಗಳಲ್ಲೂ ದಾದಿಯರಿಲ್ಲ. ಮಿಡತೆ, ಜಿರಳೆಗಳ ಅಂಡಾಣುವಿಗೆ ಫಾಲಿಕಲ್ ಹೊದಿಕೆ ಮಾತ್ರ. ತಿಗಣೆಗಳಲ್ಲೂ ಬಹುಪಾಲು ದುಂಬಿಗಳಲ್ಲೂ ದಾದಿಯರು ಎಳೆಯ ತುದಿಯಲ್ಲೇ ಗುಂಪಾಗಿ ಉಳಿಯುತ್ತಾರೆ. ತಿಗಣೆಗಳಲ್ಲಂತೂ ಅಲ್ಲಿಂದ ಕೊಳವೆಯಂಥ ದಾರಗಳಲ್ಲಿ ಸರಕು ಇಳಿಯುತ್ತದೆ. ಚಿಟ್ಟೆ ನೊಣಗಳಲ್ಲಿ ಪ್ರತಿ ಅಂಡಾಣುವಿನ ಜೊತೆಗೇ ದಾದಿಯರು ಇಳಿದು ಬರುತ್ತಾರೆ. ಮೂರು ಬಗೆಯಲ್ಲೂ ಫಾಲಿಕಲ್ ಹೊದಿಕೆ ಮಾತ್ರ ತಪ್ಪದು.

ತೂಬು ಎತ್ತುವುದು, ತೂಬು ಇಳಿಸುವುದು

ಮೊಟ್ಟೆಯ ಹಳದಿಯ ಬಹುಭಾಗ ಅಂಡಾಶಯದಲ್ಲಿ ತಯಾರಾಗುವುದೇ ಇಲ್ಲ. ಅದರ ಮುಖ್ಯ ಪ್ರೋಟೀನು ವಿಟಲೋಜೆನಿನ್. ಕೊಬ್ಬಿನ ಅಂಗದಲ್ಲಿ ತಯಾರಾಗಿ ಹುಳುವಿನ ರಕ್ತಕ್ಕೆ ಸೇರಿ ಅಂಡಾಶಯದವರೆಗೆ ಬರುತ್ತದೆ. ಸಣ್ಣ ಅಣುವೇನಲ್ಲ, ತೂಕ ನಾಲ್ಕು ಲಕ್ಷ ಡಾಲ್ಟನ್ನಿಗೂ (ಅಣು ತೂಕದ ಅಳತೆ) ಮಿಗಿಲು. ಅಂಡಾಣುವನ್ನು ಮುಟ್ಟಬೇಕಾದರೆ ಫಾಲಿಕಲ್ ಪದರವನ್ನು ದಾಟಬೇಕು. ಜೀವಕೋಶದ ಒಳಗಿಂದ ಹಾದರೆ ಎಷ್ಟು ಹೊತ್ತಾದೀತು! ಅದಕ್ಕೆ ಒಂದು ಉಪಾಯವಿದೆ. ಸಮಯ ಬಂದಾಗ ಒತ್ತಿಕೊಂಡು ಕೂತಿದ್ದ ಫಾಲಿಕಲ್ ಜೀವಕೋಶಗಳು ಸ್ವಲ್ಪ ಕುಗ್ಗಿ, ನಡುವೆ ಸಂದು ಬಿಡುತ್ತವೆ. ರಕ್ತ ನೇರವಾಗಿ ಆ ಸಂದುಗಳಲ್ಲಿ ಹರಿದು ಅಂಡಾಣುವಿನ ಮೈ ಮುಟ್ಟುತ್ತದೆ. ಅಂಡಾಣುವಿನ ಮೈಮೇಲೆ ವಿಟಲೋಜೆನಿನ್ ಹಿಡಿಯುವ ರಿಸೆಪ್ಟರ್‌ಗಳಿವೆ. ಅವು ಹಿಡಿದದ್ದನ್ನು ಪೊರೆ ಗುಳಿಯಾಗಿ ಒಳಕ್ಕೆಳೆದು ಹಳದಿಯ ಕಣವಾಗಿ ಕೂಡಿಡುತ್ತದೆ.

ಇದನ್ನು ನಾಲೆಯ ತೂಬಿಗೆ ಹೋಲಿಸುವುದು ಸರಿಯಾದೀತು, ಒಂದು ಎಚ್ಚರಿಕೆಯೊಂದಿಗೆ. ತೂಬು ಎತ್ತಿದರೆ ನೀರಿನ ಜೊತೆ ಕಸವೂ ಬರುತ್ತದೆ. ಇಲ್ಲೂ ಹಾಗೆಯೇ. ಸಂದು ಬಿಡುವುದಷ್ಟೇ ಫಾಲಿಕಲ್ ಕೆಲಸ, ಆರಿಸುವುದು ಅಂಡಾಣುವಿನ ರಿಸೆಪ್ಟರ್. ಆದ್ದರಿಂದ ತೂಬು ತೆರೆದಿರುವ ಆ ದಿನಗಳು ರೋಗಾಣುವಿಗೂ ಅನುಕೂಲದ ದಿನಗಳು. ಆ ವಿಚಾರ ಕೊನೆಗೆ.

ತೂಬಿನ ಹಿಡಿ ಯಾರ ಕೈಯಲ್ಲಿದೆ ಎಂಬುದು ಕೀಟದಿಂದ ಕೀಟಕ್ಕೆ ಬೇರೆ. ದಕ್ಷಿಣ ಅಮೆರಿಕದ ರಕ್ತ ಹೀರುವ ತಿಗಣೆ ರೋಡ್ನಿಯಸ್‌ನಲ್ಲಿ ಜುವೆನೈಲ್ ಹಾರ್ಮೋನು ಫಾಲಿಕಲ್ ಜೀವಕೋಶಗಳ ಸೋಡಿಯಂ ಪೊಟ್ಯಾಸಿಯಂ ಪಂಪನ್ನು ಚುರುಕುಗೊಳಿಸುತ್ತದೆ, ಜೀವಕೋಶ ನೀರು ಕಳೆದುಕೊಂಡು ಕುಗ್ಗುತ್ತದೆ, ಸಂದು ತೆರೆಯುತ್ತದೆ. ರೇಷ್ಮೆಯಲ್ಲಿ ಮೊಟ್ಟೆ ಮಾಗುವುದು ಪ್ಯೂಪಾದಲ್ಲಿ, ಆಗ ಜುವೆನೈಲ್ ಹಾರ್ಮೋನಿನ ಸುಳಿವು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಯಜಮಾನಿಕೆ ಎಕ್ಡೈಸೋನ್ ಗುಂಪಿನ ಹಾರ್ಮೋನುಗಳದು. ಎಕ್ಡೈಸೋನ್ ಏರಿದಾಗ ಅಂಡಾಶಯ ಬೆಳೆಯುತ್ತದೆ, ಅದರ ಮಟ್ಟ ಇಳಿದಾಗ ಹಳದಿ ತುಂಬುವ ಘಟ್ಟ ಮುಗಿದು ಚಿಪ್ಪಿನ ಘಟ್ಟ ಶುರುವಾಗುತ್ತದೆ. ಏರುವುದರಷ್ಟೇ ಇಳಿಯುವುದೂ ಮುಖ್ಯ.

ಫಾಲಿಕಲ್ ಜೀವಕೋಶಗಳು ಬರೀ ದಾರಿ ಬಿಡುವ ಕಾವಲುಗಾರರಲ್ಲ. ರೇಷ್ಮೆ ಮೊಟ್ಟೆಯ ಹಳದಿ ಪ್ರೋಟೀನಿನಲ್ಲಿ ಮೂರು ಪಾಲು: ವಿಟಲೋಜೆನಿನ್‌ನಿಂದ ಆದ ವಿಟಲಿನ್ ಸುಮಾರು ಶೇಕಡ 40, ರಕ್ತದಿಂದಲೇ ಬರುವ 30ಕೆ ಎಂಬ ಸಣ್ಣ ಪ್ರೋಟೀನುಗಳು ಸುಮಾರು 35, ಮಿಕ್ಕ ಕಾಲು ಭಾಗ ಫಾಲಿಕಲ್ ಜೀವಕೋಶಗಳೇ ತಯಾರಿಸಿ ಅಂಡಾಣುವಿಗೆ ಕೊಡುವ ಎಗ್ ಸ್ಪೆಸಿಫಿಕ್ ಪ್ರೋಟೀನು. ಜಪಾನಿನಲ್ಲಿ ಹೆಣ್ಣಿನ ಅಂಡಾಶಯವನ್ನು ಗಂಡು ಹುಳುವಿನ ಮೈಗೆ ಕಸಿ ಮಾಡಿ ನೋಡಿದರು. ಗಂಡಿನ ರಕ್ತದಲ್ಲಿ ವಿಟಲೋಜೆನಿನ್ ಇರುವುದಿಲ್ಲ. ಆದರೂ ಮೊಟ್ಟೆ ಬೆಳೆಯಿತು, ಅಂಥ ಮೊಟ್ಟೆಗಳಿಂದ ಮರಿಹುಳುವೂ ಬಂತು. ವಿಟಲೋಜೆನಿನ್ ಇಲ್ಲದಿದ್ದರೆ ಮೊಟ್ಟೆಯೇ ಇಲ್ಲ ಎಂಬ ಮಾತನ್ನು ರೇಷ್ಮೆಯ ಮಟ್ಟಿಗೆ ಸ್ವಲ್ಪ ತಿದ್ದಿಕೊಳ್ಳಬೇಕಾಯಿತು.

ಇನ್ನೊಂದು ಮಾತು. ರೇಷ್ಮೆ ಚಿಟ್ಟೆ ಏನನ್ನೂ ತಿನ್ನುವುದಿಲ್ಲ, ಕುಡಿಯುವುದೂ ಇಲ್ಲ. ಈ ಹಳದಿ, ಚಿಪ್ಪು ಎಲ್ಲಕ್ಕೂ ಬಂಡವಾಳ ಹುಳುವಾಗಿದ್ದಾಗ ತಿಂದ ಹಿಪ್ಪುನೇರಳೆ ಸೊಪ್ಪು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇಕಡ 80ಕ್ಕೂ ಹೆಚ್ಚು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಿನ ಏಳೆಂಟು ದಿನದಲ್ಲೇ. ಬಿತ್ತನೆ ಗೂಡು (ಮೊಟ್ಟೆ ತಯಾರಿಕೆಗೆ ಬಳಸುವ ಗೂಡು) ಬೆಳೆಯುವವರು ಆ ದಿನಗಳಲ್ಲಿ ಬಾಡಿದ ಸೊಪ್ಪು, ಬಲಿತು ಒರಟಾದ ಸೊಪ್ಪು ಹಾಕಿದರೆ ಗೂಡಿನ ತೂಕ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಮೊಟ್ಟೆಯ ಸಂಖ್ಯೆ ಇಳಿಯುವುದು ಗ್ರೇನೇಜಿಗೆ ಹೋದ ಮೇಲೆ ಗೊತ್ತಾಗುತ್ತದೆ, ಆಗ ಬೈಗುಳ ಚಿಟ್ಟೆಗೆ.

ಚಿಪ್ಪು

ಹಳದಿ ತುಂಬಿದ ಮೇಲೆ ಫಾಲಿಕಲ್ ಜೀವಕೋಶಗಳು ಮತ್ತೆ ಒತ್ತಿಕೊಂಡು ಕೂತು ಸಂದು ಮುಚ್ಚುತ್ತವೆ. ಆಮೇಲೆ ಅವುಗಳ ಮುಖವೆಲ್ಲ ಅಂಡಾಣುವಿನ ಕಡೆಗೆ. ಮೊದಲು ತೆಳ್ಳನೆಯ ವಿಟಲಿನ್ ಪೊರೆ ಹೊದಿಸುತ್ತವೆ, ಅದರ ಮೇಲೆ ಕೋರಿಯಾನ್ ಎಂಬ ಗಟ್ಟಿ ಚಿಪ್ಪು. ಕೋರಿಯಾನ್ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನು. ಕೋಳಿಮೊಟ್ಟೆಯ ಚಿಪ್ಪಿನಂತೆ ಸುಣ್ಣವಲ್ಲ.

ಒಂದು ಮಣಿಗೆ ಚಿಪ್ಪು ಕಟ್ಟಲು ರೇಷ್ಮೆಯಲ್ಲಿ ಎರಡು ದಿನದಷ್ಟು ಹಿಡಿಯುತ್ತದೆ. ಪ್ರೋಟೀನುಗಳಲ್ಲಿ ಎ ಗುಂಪು, ಬಿ ಗುಂಪು, ಕೊನೆಗೆ ಬರುವ ಸಿಸ್ಟೀನ್ (ಗಂಧಕವಿರುವ ಅಮೈನೋ ಆಮ್ಲ) ತುಂಬಿದ ಗುಂಪು ಎಂದು ವಿಂಗಡಣೆ. ಮೊದಲು ಬಂದವು ತೆಳುವಾದ ಚೌಕಟ್ಟು ಹಾಕುತ್ತವೆ, ನಡುವೆ ಬಂದವು ದಪ್ಪ ಮಾಡುತ್ತವೆ, ಕೊನೆಯವು ಹೊರಭಾಗವನ್ನು ಬಿಗಿಮಾಡುತ್ತವೆ. ಪದರದ ಮೇಲೆ ಪದರ, ಪ್ರತಿ ಪದರದ ಎಳೆಗಳ ದಿಕ್ಕು ಕೆಳಗಿನದಕ್ಕಿಂತ ಕೊಂಚ ತಿರುಗಿರುತ್ತದೆ. ಪ್ಲೈವುಡ್ಡಿನ ಗಟ್ಟಿತನದ ಗುಟ್ಟೂ ಇದೇ ಅಲ್ಲವೆ? ಸಿಸ್ಟೀನುಗಳ ನಡುವೆ ಗಂಧಕದ ಸೇತುವೆ ಬಿದ್ದ ಮೇಲೆ ಚಿಪ್ಪು ಸಾಮಾನ್ಯವಾಗಿ ಕರಗುವ ಮಾತೇ ಇಲ್ಲ.

ಇಲ್ಲಿ ಒಂದು ಕಷ್ಟವಿದೆ. ಫಾಲಿಕಲ್ ಜೀವಕೋಶ ಕಣ್ಣಿಗೆ ಕಾಣದಷ್ಟು ಸಣ್ಣದು. ಇಷ್ಟು ಪ್ರೋಟೀನನ್ನು ಇಷ್ಟು ಕಡಿಮೆ ಹೊತ್ತಿನಲ್ಲಿ ಎಲ್ಲಿಂದ ತರುವುದು? ಎರಡು ಜೀನ್ ಪ್ರತಿ ಇಟ್ಟುಕೊಂಡು ಕೂತರೆ ಆಗದ ಕೆಲಸ. ಮೊದಲ ಉಪಾಯ ಎಲ್ಲ ಕಡೆ ಒಂದೇ: ಜೀವಕೋಶ ಒಡೆಯುವುದನ್ನು ನಿಲ್ಲಿಸಿ, ಒಡೆಯದೆಯೇ ಡಿಎನ್‌ಎ ಮಾತ್ರ ದುಪ್ಪಟ್ಟು ಮಾಡುತ್ತ ಹೋಗುವುದು. ಆಮೇಲಿನ ಉಪಾಯದಲ್ಲಿ ಕೀಟಗಳು ಬೇರೆ ಬೇರೆ ದಾರಿ ಹಿಡಿದಿವೆ.

ರಸಬಾಳೆ ಹಣ್ಣಾದಾಗ ಸುತ್ತ ಸುಳಿಯುವ ಹಣ್ಣುನೊಣ ಡ್ರೊಸೋಫಿಲಾ ಚಿಪ್ಪು ಮುಗಿಸುವುದು ಐದಾರು ಗಂಟೆಯಲ್ಲಿ. ಅದರ ಬಳಿ ಕೋರಿಯಾನ್ ಜೀನುಗಳು ಕೆಲವೇ. ಸಮಯ ಬಂದಾಗ ಫಾಲಿಕಲ್ ಜೀವಕೋಶ ಉಳಿದ ಡಿಎನ್‌ಎ ನಕಲು ನಿಲ್ಲಿಸಿ, ಆ ಜೀನುಗಳಿರುವ ತುಣುಕನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡುತ್ತದೆ. ಮೂರನೇ ಕ್ರೋಮೋಸೋಮಿನ ಗುಂಪು 60ರಿಂದ 80 ಪಟ್ಟು, ಎಕ್ಸ್ ಕ್ರೋಮೋಸೋಮಿನದು ಹದಿನೈದಿಪ್ಪತ್ತು ಪಟ್ಟು. 1980ರಲ್ಲಿ ಅಮೆರಿಕದ ಅಲನ್ ಸ್ಪ್ರಾಡ್ಲಿಂಗ್ ಮತ್ತು ಆಂಟನಿ ಮಹೋವಾಲ್ಡ್ ಇದನ್ನು ತೋರಿಸಿಕೊಟ್ಟರು. ಅಡುಗೆ ಪುಸ್ತಕದ ಒಂದೇ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಅಡುಗೆಯವರಿಗೆಲ್ಲ ಹಂಚಿದ ಹಾಗೆ. ರೇಷ್ಮೆ ಹುಳು ಜೆರಾಕ್ಸಿಗೆ ಹೋಗುವುದಿಲ್ಲ. ಅದರ ಎರಡನೇ ಕ್ರೋಮೋಸೋಮಿನಲ್ಲಿ ನೂರಕ್ಕೂ ಹೆಚ್ಚು ಕೋರಿಯಾನ್ ಜೀನುಗಳು ಸಾಲಾಗಿ ಹುಟ್ಟಿನಿಂದಲೇ ಕೂತಿವೆ. ಒಂದೇ ಪುಸ್ತಕದಲ್ಲಿ ಅದೇ ಅಡುಗೆ ನೂರು ಸಲ ಅಚ್ಚಾದಂತೆ. ಯಾವುದು ಮೇಲು ಎಂದು ಕೇಳಬಾರದು, ಗಡುವು ಬೇರೆ, ದಾರಿ ಬೇರೆ.

ಚಿಪ್ಪು ಬರೀ ಗಟ್ಟಿಯಾಗಿದ್ದರೆ ಸಾಲದು, ಮರಿಗೆ ಉಸಿರು ಬೇಕು. ಪಾತಿಗಳ ಮೂಲೆಗಳಲ್ಲಿ, ಮೂರು ಜೀವಕೋಶ ಕೂಡುವ ಕಡೆ, ಗಾಳಿಯಾಡುವ ಅತಿಸಣ್ಣ ರಂಧ್ರಗಳು ಉಳಿದಿರುತ್ತವೆ. ಮೊಟ್ಟೆಯ ಒಂದು ತುದಿಯಲ್ಲಿ ಹೂವಿನೆಸಳು ಜೋಡಿಸಿದಂಥ ವಿನ್ಯಾಸವಿದೆ, ನಡುವೆ ವೀರ್ಯಾಣು ಒಳಹೋಗುವ ಕಿಂಡಿ, ಅದು ಮೈಕ್ರೋಪೈಲ್. ಅಲ್ಲಿಯ ಫಾಲಿಕಲ್ ಜೀವಕೋಶಗಳು ಬೇರೆಯವುಗಳಂತೆ ಚಿಪ್ಪು ಮುಚ್ಚುವುದಿಲ್ಲ, ತಮ್ಮದೇ ಚಾಚುಗಳನ್ನು ಅಚ್ಚಾಗಿಟ್ಟು ಸುತ್ತ ಚಿಪ್ಪು ಕಟ್ಟಿ, ಆಮೇಲೆ ಚಾಚು ಹಿಂತೆಗೆಯುತ್ತವೆ, ಕಾಲುವೆ ಉಳಿಯುತ್ತದೆ. ಹಣ್ಣುನೊಣದಲ್ಲಿ ಆರೆಂಟು ಫಾಲಿಕಲ್ ಜೀವಕೋಶಗಳು ಪದರ ಬಿಟ್ಟು ದಾದಿಯರ ನಡುವೆ ನುಗ್ಗಿ ನಡೆದುಕೊಂಡೇ ಅಂಡಾಣುವಿನ ತಲೆಗೆ ತಲುಪಿ ಈ ಕಿಂಡಿಯ ಕೆಲಸಕ್ಕೆ ಕೈಹಾಕುತ್ತವೆ. ಆ ಜೀವಕೋಶಗಳು ದಾರಿಯಲ್ಲಿ ನಿಂತುಬಿಟ್ಟರೆ ಮೊಟ್ಟೆ ನೋಡಲು ಸರಿಯಿದ್ದರೂ ಬಂಜೆ. ವೀರ್ಯಾಣು ಒಳಬರಲು ಬಾಗಿಲೇ ಇರುವುದಿಲ್ಲ.

ಮೊಟ್ಟೆ ಹಾಳೆಗೆ ಅಂಟಿಕೊಳ್ಳುವ ಗೋಂದು ಮಾತ್ರ ಫಾಲಿಕಲ್ ಕೊಡುಗೆಯಲ್ಲ. ಅದು ಮೊಟ್ಟೆ ಹೊರಬೀಳುವ ದಾರಿಯಲ್ಲಿರುವ ಬೇರೆ ಗ್ರಂಥಿಯದು. ಹಾಳೆಗೆ ಮೊಟ್ಟೆ ಅಂಟಲಿಲ್ಲವೆಂದರೆ ಚಿಪ್ಪು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ಬೈವೋಲ್ಟೈನ್ ಮೊಟ್ಟೆಗೆ ಮಾಡುವ ಆಸಿಡ್ ಟ್ರೀಟ್‌ಮೆಂಟಿನ ಹಿಂದೆಯೂ ಈ ಚಿಪ್ಪಿದೆ. ಈ ಮೊಟ್ಟೆ ಇಟ್ಟ ಮೇಲೆ ನಿದ್ದೆ ಹೋಗುತ್ತದೆ, ಅದನ್ನು ತಪ್ಪಿಸಲು ಈ ಆಮ್ಲದ ಸ್ನಾನ. ಇಟ್ಟು ಸುಮಾರು ಇಪ್ಪತ್ತು ಗಂಟೆಯಾದ ಮೊಟ್ಟೆಯನ್ನು 46 ಡಿಗ್ರಿ ಸೆಲ್ಸಿಯಸ್ ಬಿಸಿಯ, 1.075 ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಳಿಗೆ ತಕ್ಕಂತೆ ನಾಲ್ಕರಿಂದ ಆರು ನಿಮಿಷ ಅದ್ದುತ್ತಾರೆ, ಕೂಡಲೇ ನೀರಿನಲ್ಲಿ ಚೆನ್ನಾಗಿ ತೊಳೆಯುತ್ತಾರೆ. ಕೋಳಿಮೊಟ್ಟೆಯಾಗಿದ್ದರೆ ಆ ಆಮ್ಲದಲ್ಲಿ ಚಿಪ್ಪು ಬುರುಗಿಟ್ಟು ಕರಗುತ್ತಿತ್ತು. ಕೋರಿಯಾನ್ ತಡೆದುಕೊಳ್ಳುತ್ತದೆ. ಆದರೆ ಎಷ್ಟು ಹೊತ್ತು? ನಿಮಿಷ ಹೆಚ್ಚಾದರೆ ಭ್ರೂಣ ಸಾಯುತ್ತದೆ. ಕಡಿಮೆಯಾದರೆ ಒಂದಷ್ಟು ಮೊಟ್ಟೆ ಇವತ್ತು ಒಡೆದು ಒಂದಷ್ಟು ನಿದ್ದೆ ಮುಂದುವರಿಸುತ್ತವೆ. ಚಿಪ್ಪಿನ ದಪ್ಪವೂ ರಚನೆಯೂ ತಳಿಯಿಂದ ತಳಿಗೆ ಬೇರೆಯಿರುವುದರಿಂದ ಪಕ್ಕದ ತಳಿಯ ನಿಮಿಷ ನಿಮ್ಮ ತಳಿಗೆ ನಡೆಯುವುದಿಲ್ಲ.

ತಲೆ ಎತ್ತ, ಹೊಟ್ಟೆ ಎತ್ತ

ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೋಫಿಲಾ ಸ್ಟಾಕ್ ಸೆಂಟರ್ ಇದೆ, ಸೀಸೆಗಳಲ್ಲಿ ನೊಣದ ತಳಿಗಳನ್ನು ಕಾಪಾಡಿಕೊಂಡು ಬರುತ್ತಾರೆ. ಫಾಲಿಕಲ್ ಜೀವಕೋಶಗಳ ಬಗ್ಗೆ ನಮಗೆ ತಿಳಿದಿರುವ ಅರ್ಧಕ್ಕೂ ಹೆಚ್ಚು ಈ ನೊಣ ಹೇಳಿಕೊಟ್ಟದ್ದೇ. ಇದರಲ್ಲಿ ಮೂಲ ಜೀವಕೋಶ ನಾಲ್ಕು ಸಲ ಒಡೆದು ಹದಿನಾರಾಗುತ್ತದೆ, ಒಂದು ಅಂಡಾಣು, ಹದಿನೈದು ದಾದಿಯರು.

ನೊಣದಲ್ಲಿ ಅಂಡಾಣುವೂ ಫಾಲಿಕಲ್ ಪದರವೂ ಪರಸ್ಪರ ಮಾತಾಡಿಕೊಂಡೇ ಮರಿಯ ನಕ್ಷೆ ಬರೆಯುತ್ತವೆ. ಅಂಡಾಣು ಗುರ್ಕೆನ್ ಎಂಬ ಪ್ರೋಟೀನನ್ನು ಹಿಂದಿನ ತುದಿಯ ಫಾಲಿಕಲ್ ಜೀವಕೋಶಗಳಿಗೆ ಕಳಿಸುತ್ತದೆ. ಜರ್ಮನ್ ಭಾಷೆಯಲ್ಲಿ ಗುರ್ಕೆನ್ ಎಂದರೆ ಸೌತೆಕಾಯಿಗಳು, ಕೀಟ ಜೀನುಗಳಿಗೆ ಹೆಸರಿಡುವವರ ಚೇಷ್ಟೆ ಇಂಥದು. ಆ ಜೀವಕೋಶಗಳು ತಾವು ಹಿಂಭಾಗ ಎಂದು ತಿಳಿದು ಮರುಸಂದೇಶ ಕೊಡುತ್ತವೆ. ಅದರಿಂದ ಅಂಡಾಣುವಿನ ಒಳಗಿನ ಹಳಿಗಳು ತಿರುಗಿ, ಕೋಶಕೇಂದ್ರ ಮುಂದಿನ ಮೂಲೆಗೆ ಸರಿಯುತ್ತದೆ. ಅಲ್ಲಿಂದ ಗುರ್ಕೆನ್ ಎರಡನೇ ಸಲ ಹೊರಟು, ಈ ಸಲ ಮುಟ್ಟಿದ ಕಡೆ ಬೆನ್ನು. ಸಂದೇಶ ಮುಟ್ಟದ ಕಡೆಯ ಫಾಲಿಕಲ್ ಜೀವಕೋಶಗಳು ಪೈಪ್ ಎಂಬ ಕಿಣ್ವ ತಯಾರಿಸಿ ವಿಟಲಿನ್ ಪೊರೆಯ ಮೇಲೆ ಗುರುತು ಹಾಕುತ್ತವೆ. ಮೊಟ್ಟೆ ಹೊರಬಿದ್ದ ಮೇಲೆ, ಫಾಲಿಕಲ್ ಜೀವಕೋಶಗಳು ಹಿಂದೆ ಉಳಿದ ಮೇಲೂ, ಭ್ರೂಣ ಆ ಗುರುತನ್ನೇ ಓದಿಕೊಂಡು ಇತ್ತ ಹೊಟ್ಟೆ ಎಂದು ತಿಳಿಯುತ್ತದೆ. ಗುರ್ಕೆನ್ ಕೆಟ್ಟರೆ ಬೆನ್ನೇ ಇಲ್ಲದ, ಸುತ್ತಲೂ ಹೊಟ್ಟೆಯೇ ಆದ ಮೊಟ್ಟೆ.

ಕೊನೆಯ ಘಟ್ಟದಲ್ಲಿ ದಾದಿಯರು ತಮ್ಮಲ್ಲಿದ್ದುದನ್ನೆಲ್ಲ ಅರ್ಧ ಗಂಟೆಯೊಳಗೆ ಅಂಡಾಣುವಿಗೆ ಸುರಿದು ಖಾಲಿಯಾಗುತ್ತಾರೆ. ಅವರನ್ನು ಹೊದ್ದಿದ್ದ ತೆಳ್ಳಗಿನ ಫಾಲಿಕಲ್ ಜೀವಕೋಶಗಳು ಆಮ್ಲ ಬಿಟ್ಟು ದಾದಿಯರನ್ನು ಜೀರ್ಣಿಸಿ ಜಾಗ ತೆರವು ಮಾಡುತ್ತವೆ. ತಾಯಿಗೆ ಊಟ ಸಿಗದಿದ್ದಾಗ ಇದೇ ಬಾಯಿ ಬೇರೆ ಕೆಲಸ ಮಾಡುತ್ತದೆ: ಹಳದಿ ತುಂಬಲು ಶುರುವಾಗಿದ್ದ ಮಣಿಯನ್ನೇ ಕೆಡವಿ ನುಂಗಿ, ಆ ಪೋಷಣೆಯನ್ನು ತಾಯಿಯ ಮೈಗೆ ವಾಪಸ್ ಕೊಡುತ್ತದೆ. ಅರ್ಧಂಬರ್ಧ ಮೊಟ್ಟೆ ಹತ್ತು ಇಡುವ ಬದಲು ಪೂರ್ತಿ ಮೊಟ್ಟೆ ಐದು.

ಮೈಸೂರು ತಳಿಯ ತಾಯಿಯೇ ಏಕೆ

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಗೆ ಬರೋಣ. ಗಂಡಿನ ಜೀನು ಮೊಟ್ಟೆಯನ್ನು ಸೇರುವುದು ಚಿಪ್ಪು ಪೂರ್ತಿ ಕಟ್ಟಿ ಮುಗಿದ ಮೇಲೆ, ಮೈಕ್ರೋಪೈಲಿನ ಮೂಲಕ. ಚಿಪ್ಪಿನ ಆಕಾರ, ದಪ್ಪ, ಪಾತಿಗಳ ಅಚ್ಚು, ಒಳಗಿನ ಹಳದಿಯ ಪ್ರಮಾಣ, ಯಾವುದರಲ್ಲೂ ಅಪ್ಪನ ಮಾತು ನಡೆಯುವುದಿಲ್ಲ. ಅಪ್ಪನ ಕಡೆಯ ಚಿಪ್ಪಿನ ಗುಣ ಕಾಣಬೇಕಾದರೆ ಮಗಳು ಬೆಳೆದು ಚಿಟ್ಟೆಯಾಗಿ ತಾನು ಮೊಟ್ಟೆ ಕಟ್ಟಬೇಕು. ಮೆಂಡೆಲ್ ನಿಯಮ ಒಂದು ತಲೆಮಾರು ತಡವಾಗಿ ಕಾಣುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ಟೊಯಾಮಾ ಕಾಮೆತಾರೊ ರೇಷ್ಮೆ ಮೊಟ್ಟೆಗಳನ್ನೇ ಇಟ್ಟುಕೊಂಡು ಇದನ್ನು ಬಿಡಿಸಿ ಹೇಳಿದ್ದರು.

ಮೊಟ್ಟೆ ನಿದ್ದೆ ಹೋಗಬೇಕೆ ಬೇಡವೆ ಎಂಬ ತೀರ್ಮಾನವೂ ತಾಯಿಯದೇ. ಪ್ಯೂಪಾದ ತಲೆಯ ಹತ್ತಿರದ ನರಗಂಟಿನಿಂದ ಡಯಾಪಾಸ್ (ನಿದ್ದೆಯ) ಹಾರ್ಮೋನು ಹೊರಟು, ಚಿಪ್ಪು ಕೂರುವ ಮುನ್ನ ಅಂಡಾಶಯದ ಮೇಲೆ ಕೆಲಸ ಮಾಡುತ್ತದೆ. ರಕ್ತದ ಸಕ್ಕರೆ ಟ್ರೆಹಲೋಸನ್ನು ಒಡೆಯುವ ಕಿಣ್ವ ಹೆಚ್ಚಿ, ಮೊಟ್ಟೆಯಲ್ಲಿ ಗ್ಲೈಕೋಜನ್ ಕೂಡುತ್ತದೆ. ನಿದ್ದೆ ಹೋದ ಮೊಟ್ಟೆಯಲ್ಲಿ ಅದೇ ಗ್ಲೈಕೋಜನ್ ಸಾರ್ಬಿಟಾಲ್, ಗ್ಲಿಸರಾಲ್ ಆಗಿ ನಿಲ್ಲುತ್ತದೆ. ಅಂಥ ಮೊಟ್ಟೆ ಎರಡು ಮೂರು ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಚಿಪ್ಪಿನದಲ್ಲ, ಅದರ ಒಳಗಿನ ಸೀರೋಸಾ ಪೊರೆಯದು, ಚಿಪ್ಪು ಪಾರಕವಾದ್ದರಿಂದ ನಮಗೆ ಕಾಣುತ್ತದೆ. ಹಾರ್ಮೋನು ಬರುವುದೋ ಇಲ್ಲವೋ ಎಂಬುದಕ್ಕೆ ತಳಿಯ ಜೊತೆ ಇನ್ನೊಂದು ಕಾರಣ: ಬೈವೋಲ್ಟೈನ್ ತಾಯಿ ತಾನು ಮೊಟ್ಟೆಯಲ್ಲಿದ್ದಾಗ 25 ಡಿಗ್ರಿ ಮತ್ತು ಬೆಳಕು ಕಂಡಿದ್ದರೆ ನಿದ್ದೆಯ ಮೊಟ್ಟೆ ಇಡುತ್ತಾಳೆ, 15 ಡಿಗ್ರಿ ಮತ್ತು ಕತ್ತಲೆ ಕಂಡಿದ್ದರೆ ನಿದ್ದೆಯಿಲ್ಲದ ಮೊಟ್ಟೆ.

ಮೈಸೂರು ತಳಿ ವರ್ಷವಿಡೀ ಬೆಳೆಯುವ ತಳಿ, ಅದರ ಮೊಟ್ಟೆ ಮಲಗುವುದಿಲ್ಲ, ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ. ಆದ್ದರಿಂದ ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್-2 ಗಂಡು ಕೂಡಿಸಿದರೆ ಹುಟ್ಟುವ ಮಿಶ್ರತಳಿ ಮೊಟ್ಟೆಗೆ ಆಮ್ಲದ ಸ್ನಾನ ಬೇಡ, ಶೀತಘಟಕದ ಲೆಕ್ಕಾಚಾರ ಬೇಡ. ಉಲ್ಟಾ ಮಾಡಿದರೆ ಜೀನು ಅದೇ ಮಿಶ್ರಣವಾದರೂ ಮೊಟ್ಟೆ ಕಂದಾಗಿ ಮಲಗುತ್ತದೆ. ಮಳವಳ್ಳಿ, ಮದ್ದೂರು, ತಿ. ನರಸೀಪುರದ ಕಡೆ ಸಿಬಿ (ಕ್ರಾಸ್ ಬ್ರೀಡ್, ಅಂದರೆ ಮಿಶ್ರತಳಿ) ಬೆಳೆ ಎಂದು ಕರೆಯುವುದರ ಬೆನ್ನೆಲುಬು ಈ ಲೆಕ್ಕ.

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ಜೋಡಿ ಮಿಶ್ರತಳಿಯಲ್ಲೂ ಇದೇ ತರ್ಕ ಕೆಲಸ ಮಾಡಿದೆ. ಎಫ್‌ಸಿ-1 ಎಂಬ ಸಿಎಸ್‌ಆರ್-6, ಸಿಎಸ್‌ಆರ್-26ರ ಮಿಶ್ರಣವೇ ತಾಯಿ, ಎಫ್‌ಸಿ-2 ಎಂಬ ಸಿಎಸ್‌ಆರ್-2, ಸಿಎಸ್‌ಆರ್-27ರ ಮಿಶ್ರಣ ತಂದೆ. ತಾಯಿ ತಾನೇ ಮಿಶ್ರತಳಿಯಾದ್ದರಿಂದ ಅವಳ ಮೈಯ ಕಸುವು ಅಂಡಾಶಯಕ್ಕೂ ಸಿಗುತ್ತದೆ. ಶುದ್ಧ ತಳಿಯ ತಾಯಿಗಿಂತ ಮೊಟ್ಟೆ ಹೆಚ್ಚು.

ಎಡವುವುದು ಎಲ್ಲಿ

ಬಿತ್ತನೆ ಗೂಡನ್ನು 25 ಡಿಗ್ರಿ ಸೆಲ್ಸಿಯಸ್, ಶೇಕಡ 75ರಿಂದ 80 ತೇವದಲ್ಲಿ ಇಡಬೇಕು ಎನ್ನುವುದು ಈ ಎಲ್ಲ ಕೆಲಸ ಗೂಡಿನೊಳಗೇ ನಡೆಯುವುದರಿಂದ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಗೂಡು ಬಿದ್ದು 30 ಡಿಗ್ರಿ ದಾಟಿದ ದಿನಗಳು ಕಳೆದರೆ ಮೊಟ್ಟೆಯ ಸಂಖ್ಯೆ ಇಳಿಯುತ್ತದೆ. ಗಂಡಿನ ವೀರ್ಯ ಇನ್ನೂ ಬೇಗ ಕೆಡುತ್ತದೆ. ಚೀಲದಲ್ಲಿ ಒತ್ತಿ ತುಂಬಿ ಸಾಗಿಸಿದರೆ ಪ್ಯೂಪಾ ಜಜ್ಜಿ, ಚಿಪ್ಪು ಕೂರದ ಮಣಿಗಳು ಒಡೆಯುತ್ತವೆ.

ಹಾಳೆಯ ಮೇಲೆ ಹಳದಿಯಾಗಿಯೇ ಉಳಿದು ಒಂದು ವಾರದಲ್ಲಿ ಗುಳಿಬಿದ್ದು ಒಣಗುವ ಮೊಟ್ಟೆ ಹೆಚ್ಚಾಗಿ ವೀರ್ಯ ಸೇರದ್ದು. ಅದಕ್ಕೆ ಫಾಲಿಕಲ್ ಹೊಣೆಯಲ್ಲ. ಕೂಡಿಕೆಯನ್ನು ಮೂರು ನಾಲ್ಕು ಗಂಟೆ ಬಿಡದೆ ಬೇಗ ಬೇರ್ಪಡಿಸಿದ್ದು, ಒಂದೇ ಗಂಡನ್ನು ಹಲವು ಸಲ ಬಳಸಿದ್ದು ಇದಕ್ಕೆ ಸಾಮಾನ್ಯ ಕಾರಣ.

ನಿಜವಾದ ಭಯ ಗಂಟು ರೋಗ, ಅಂದರೆ ಪೆಬ್ರಿನ್. ನೊಸೀಮಾ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿ ಹುಳುವಿನ ಕರುಳಿನಿಂದ ಹರಡಿ ಅಂಡಾಶಯಕ್ಕೂ ಬರುತ್ತದೆ. ಫಾಲಿಕಲ್ ಮತ್ತು ದಾದಿ ಜೀವಕೋಶಗಳಿಗೆ ಸೋಂಕು ತಗುಲಿ ಅಲ್ಲಿಂದ ಅಂಡಾಣುವಿನೊಳಕ್ಕೆ ಸೇರುತ್ತದೆ. ಹಳದಿ ತುಂಬಲು ತೆರೆದ ದಾರಿಯೇ ಅದಕ್ಕೂ ದಾರಿ. ಆಮೇಲೆ ಫಾಲಿಕಲ್ ಜೀವಕೋಶಗಳು ಎಂದಿನಂತೆ ನಿಷ್ಠೆಯಿಂದ ಅದರ ಮೇಲೂ ಚಿಪ್ಪು ಹೊದಿಸುತ್ತವೆ. ಮೊಟ್ಟೆಯ ಹೊರಮೈಗೆ ಅಂಟಿದ ಬೀಜಾಣುಗಳನ್ನು ಶೇಕಡ 2ರ ಫಾರ್ಮಾಲಿನ್ ತೊಳೆದು ಹಾಕಬಲ್ಲದು. ಚಿಪ್ಪಿನೊಳಗಿನದಕ್ಕೆ ಯಾವ ಔಷಧಿಯೂ ತಾಗುವುದಿಲ್ಲ. ಮಗುವನ್ನು ಕಾಯುವ ಗೋಡೆಯೇ ಶತ್ರುವನ್ನೂ ಕಾಯುತ್ತದೆ.

ಆದ್ದರಿಂದ ಪರೀಕ್ಷೆ ಮೊಟ್ಟೆಗಲ್ಲ, ತಾಯಿಗೆ. 1865ರಿಂದ ಫ್ರಾನ್ಸಿನ ಅಲೆಸ್ ಊರಿನಲ್ಲಿ ಈ ರೋಗದ ಬೆನ್ನುಹತ್ತಿದ ಲೂಯಿ ಪಾಶ್ಚರ್ ಹಾಕಿಕೊಟ್ಟ ಕ್ರಮ ಇವತ್ತಿಗೂ ಬದಲಾಗಿಲ್ಲ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಶೇಕಡ 0.6ರ ಆಸುಪಾಸಿನ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಪಟ್ಟಿಗೆ ಹಾಕಿ, 600 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಮೂಲ ಬಿತ್ತನೆಗೆ ಒಂದೊಂದು ಚಿಟ್ಟೆಯನ್ನೂ ಬಿಡದೆ ಪರೀಕ್ಷೆ, ವಾಣಿಜ್ಯ ಬಿತ್ತನೆಗೆ ಒಂದು ಪಾಲನ್ನು ಒಟ್ಟಾಗಿ ಅರೆದು ಪರೀಕ್ಷೆ. ಹುಡುಕುವುದು ಮೂರು ನಾಲ್ಕು ಮೈಕ್ರಾನ್ ಉದ್ದದ, ಅಕ್ಕಿಕಾಳಿನಂಥ ಹೊಳೆಯುವ ಬೀಜಾಣು. ಒಂಟಿ ಚಿಟ್ಟೆಯ ಪರೀಕ್ಷೆಯಲ್ಲಿ ಅದು ಒಂದೇ ಒಂದು ಕಂಡರೂ ಆ ತಾಯಿ ಇಟ್ಟ ನಾನೂರು ಐನೂರು ಮೊಟ್ಟೆಗಳನ್ನು, ನೋಡಲು ಎಷ್ಟೇ ದುಂಡಗೆ ಚೆಂದವಾಗಿದ್ದರೂ, ಹಾಳೆ ಸಮೇತ ಸುಡುತ್ತಾರೆ.